ಬೆಯಾತಾಳ ಟೀಚರು

ಮೈಕಿನ ವಾಯರ್ ದಾಟುವಾಗ ಯಶ್ಮಿತಾ ಸೀರೆಯ ನೆರಿಗೆಯನ್ನು ಎರಡೇ ಬೆರಳಲ್ಲಿ ಚೂರು ಎತ್ತಿ ಹಿಡಿದಳು, ಅಷ್ಟೇ, ಅಷ್ಟಕ್ಕೇ ಹಾಲ್‌ನಲ್ಲಿ ಕೂತ ಹುಡುಗರ ಕಣ್ಣೆಲ್ಲ ಆ ಎರಡು ಬೆರಳಿನ ಹಿಂದೆಯೇ ಹೋದವು ಅಂತ ಶೈಲಶ್ರೀಗೆ ಅನ್ನಿಸಿತು, ಇಕಿಗೆ ಇದನ್ನೆಲ್ಲ ಯಾರು ಕಲಿಸ್ಯಾರ, ನಡಿಯೂದು, ನಿಂದ್ರೂದು, ಮಾತು ಸುರು ಮಾಡೂಕಿಂತ ಮೊದಲ ಒಂದು ಗಳಿಗಿ ಸುಮ್ಮ ಇರೂದು — ಇಪ್ಪತ್ತೆರಡು ವರ್ಷದಿಂದ ಇದೇ ಖರಾಡಿಯ ಶಾಲೆಯಲ್ಲಿ ಇತಿಹಾಸ ಕಲಿಸುತ್ತಿರುವ ತಾನು ಆ ವೇದಿಕೆಯ ಮೇಲೆ ಒಂದು ಸಲವೂ ಹಾಗೆ ನಡೆದಿಲ್ಲ, ನಡೆದರೆ ವಾಯರ್ ಕಾಲಿಗೆ ಸಿಗುತ್ತದೆ, ಒಂದು ಪಂದ್ರಾ ಆಗಸ್ಟಿಗೆ ಸಿಕ್ಕೂ ಇತ್ತು, ಮೈಕ್ ಕುಂಯ್ ಅಂದು ಹುಡುಗರು ನಕ್ಕಿದ್ದರು, ಆ ಹುಡುಗರಿಗೆ ಈಗ ಮದುವೆಯಾಗಿರಬೇಕು, ಯಾರಿಗೂ ನೆನಪಿರಲಿಕ್ಕಿಲ್ಲ, ತನಗೆ ಮಾತ್ರ ಅದ. ಯಶ್ಮಿತಾ ಬಂದು ಇನ್ನೂ ಎರಡು ವರ್ಷ ತುಂಬಿಲ್ಲ, ಪ್ರೊಬೇಷನ್ ಮುಗಿದಿಲ್ಲ, ಉಡುಪಿ ಕಡೆಯ ಹುಡುಗಿ, ಅಪ್ಪನ ಹೋಟೆಲು ಸದಾಶಿವ ಪೇಠದಲ್ಲಿ ಶೈಲಶ್ರೀಯ ಮನೆಯಿಂದ ಎರಡು ಗಲ್ಲಿ ಆಚೆ, ಮರಾಠಿಯವರೇ ತುಂಬಿದ ಸ್ಟಾಫ್ ರೂಮಿನಲ್ಲಿ ಕನ್ನಡ ಮಾತಾಡೋರು ಇವರಿಬ್ಬರೇ ಅಂತ ಮೊದಲ ವಾರ ಎಷ್ಟು ಖುಷಿಯಾಗಿತ್ತು, ನಿಮ್ಮ ಕನ್ನಡ ಕೇಳ್ಲಿಕ್ಕೆ ಚಂದ ಉಂಟು ಮೇಡಂ ಅಂದಿದ್ದಳು, ನಿಂದೂ ಛಲೋ ಅದ ಬಿಡು ಅಂದು ತಾನು ಡಬ್ಬಿಯ ಮುಚ್ಚಳದಲ್ಲಿ ಶೇಂಗಾ ಹೋಳಿಗೆ ಇಟ್ಟು ಕೊಟ್ಟಿದ್ದೆ, ಅದೇ ವಾರ ಆ ಫೈಲನ್ನೂ ಕೊಟ್ಟೆ, ತಪ್ಪಾದದ್ದು ಅಲ್ಲೇ. ಒಂಬತ್ತು ವರ್ಷದ ಹಿಂದೆ ಮುಂಬೈಯಲ್ಲಿ ಮೂರು ದಿನದ ತರಬೇತಿ, ನರಮೇಧಗಳ ಬಗ್ಗೆ ಶಾಲೆಯಲ್ಲಿ ಹೇಗೆ ಕಲಿಸಬೇಕು ಅಂತ, ಸ್ವಂತ ರಜೆ ಹಾಕಿ ಹೋಗಿದ್ದಳು ಶೈಲಶ್ರೀ, ಹೋಗಿ ಬಂದು ಹದಿನೈದು ಪುಟ ಬರೆದು ಫೈಲ್ ಮಾಡಿ, ಜನವರಿಯಲ್ಲಿ ಒಂದು ಸ್ಮರಣೆಯ ದಿನ ಮಾಡೋಣ, ಬದುಕಿ ಉಳಿದವರನ್ನ ಕರೆಸೋಣ ಅಂತ ಆಗಿನ ಪ್ರಿನ್ಸಿಪಾಲರ ಟೇಬಲ್ ಮೇಲೆ ಇಟ್ಟರೆ ಅವರು ಮೊದಲ ಪುಟ ಸಹ ತಿರುವದೆ, ಆಧೀ ಪೋರ್ಶನ್ ಪೂರ್ಣ ಕರಾ ಮೇಡಂ, ಮೊದಲು ಪಾಠ ಮುಗಿಸಿ ಅಂದರು, ಮುಗಿಸಿದೆ, ಒಂಬತ್ತು ವರ್ಷ ಮುಗಿಸಿದೆ, ಜರ್ಮನಿ ಐದು ಅಂಕ, ಇಸವಿ ತಪ್ಪಿದರೆ ಅರ್ಧ ಅಂಕ ಕಡಿಮೆ. ಈಗ ಅದೇ ಸ್ಮರಣೆಯ ದಿನ ಅಕಿ ಮೈಕ್ ಹಿಡಿದು ಹೇಳ್ತಾಳ, ಲಕ್ಷ ಅಂತ ಹೇಳಿದರೆ ನಮಗೆ ಏನೂ ಗೊತ್ತಾಗುವುದಿಲ್ಲ, ಒಬ್ಬರ ಬಗ್ಗೆ ಹೇಳಿದರೆ ಗೊತ್ತಾಗುತ್ತದೆ — ಅದು ನನ್ನ ಫೈಲಿನ ನಾಲ್ಕನೇ ಪುಟ, ಹಸಿರು ಇಂಕಿನಾಗ ಕೆಳಗ ಗೆರಿ ಎಳದೀನಿ, ಮತ್ತ ಕೆಳಗೆ ಕೂತ ಹುಡುಗರು ಅದನ್ನ ಅಕಿ ಬಾಯಿಂದಲೇ ಹುಟ್ಟಿದ ಮಾತಿನಂಗ ಕೇಳಾಕತ್ತಾರ. ಆಮಂತ್ರಣ ಪತ್ರಿಕೆಯ ತುದಿಯಲ್ಲಿ ಸಂಯೋಜನೆ ಯಶ್ಮಿತಾ, ಒಂದೇ ಹೆಸರು. ಕೇಳಿದ್ದಳು, ಇಲ್ಲ ಅಂತಲ್ಲ, ದೇವರ ಮುಂದೆ ನಿಂತರೂ ಅದನ್ನ ಇಲ್ಲ ಅನ್ನೋಕ್ಕಾಗೂದಿಲ್ಲ, ಇಬ್ಬರ ಹೆಸರೂ ಹಾಕುವಾ ಮೇಡಂ, ನಿಮ್ಮದೇ ಮೊದಲು ಹಾಕುವಾ ಅಂದಿದ್ದಳು, ತಾನು ಉತ್ತರ ಪತ್ರಿಕೆಯಿಂದ ತಲೆ ಎತ್ತದೆ, ಬ್ಯಾಡ್ರಿ, ನೀವs ಮಾಡ್ರಿ ಅಂದೆ, ಆ ಒಂದು ರೀ ಹಚ್ಚಿ ದೂರ ತಳ್ಳಿದೆ, ಇನ್ನೊಂದು ಸಲ ಕೇಳಲಿ ಅಂತ ಕಾದೆ, ಅಕಿ ಕೇಳಲಿಲ್ಲ.

ಮುಂದಿನ ಸಾಲಿನಲ್ಲಿ ಶಾಲೆಯ ಟ್ರಸ್ಟಿಗಳೊಬ್ಬರು ಕೂತಿದ್ದಾರೆ, ಇಂಥ ಕಾರ್ಯಕ್ರಮಕ್ಕೆ ಎಂದೂ ಬಾರದವರು, ಬಿಳಿ ಸಫಾರಿಯ ಬೆನ್ನು ಮಾತ್ರ ಕಾಣುತ್ತದೆ, ಕೈಯಲ್ಲೊಂದು ಮಡಚಿದ ಕಾಗದ, ಆ ಕಾಗದದಲ್ಲಿ ಏನಿದೆ ಅಂತ ಅವರನ್ನ ಬಿಟ್ಟರೆ ಈ ಹಾಲ್‌ನಲ್ಲಿ ಗೊತ್ತಿರುವವಳು ತಾನೊಬ್ಬಳೇ — ಹೋದ ಶುಕ್ರವಾರ ಬಸ್ಸಿನಲ್ಲಿದ್ದಾಗ ಪ್ರೇಮಕುಮಾರ ಫೋನ್ ಮಾಡಿದ್ದ, ಒಂಬತ್ತನೆಯ ತರಗತಿಯ ಹುಡುಗಿಯ ಅಪ್ಪ, ಬೆಂಗಳೂರಿನವನು, ಇಲ್ಲೇ ಐಟಿ ಪಾರ್ಕಿನಲ್ಲಿ ಏನೋ ದೊಡ್ಡ ಕೆಲಸ, ಕನ್ನಡ ಸಂಘದ ಊಟಕ್ಕೆ ಎರಡು ಸಲ ಸಿಕ್ಕಿದ್ದ, ಮೇಡಂ, ನೀವು ಸೀನಿಯರ್ ಅಂತ ಕೇಳ್ತಾ ಇದೀನಿ, ಈ ಜೆನೊಸೈಡ್ ಅದೂ ಇದೂ ಮಕ್ಕಳಿಗೆ ಬೇಕಾ, ಡಿಸ್ಟರ್ಬ್ ಆಗಲ್ವಾ, ಆಮೇಲೆ ಇದು ನಮ್ಮ ದೇಶದ ವಿಷಯಕ್ಕೆ ಬಂದು ನಿಂತರೆ ಅದೊಂದು ಪ್ರಾಬ್ಲಮ್. ಬಸ್ಸು ಯೆರವಡಾ ಜೈಲಿನ ಉದ್ದ ಗೋಡೆಯ ಪಕ್ಕ ಸಿಗ್ನಲ್ಲಿಗೆ ನಿಂತಿತ್ತು, ಹಿಂದಿನ ಸೀಟಿನವನ ಮೊಣಕಾಲು ಬೆನ್ನಿಗೆ ಒತ್ತುತ್ತಿತ್ತು, ಎಷ್ಟು ಸಲೀಸಾಗಿ ಬಂತು ಆ ಮಾತು, ಖರೇ ಹೇಳಬೇಕಂದ್ರ ನಂಗೂ ಸ್ವಲ್ಪ ಹಂಗs ಅನಸ್ತದ್ರೀ ಅಂದಳು, ಅಷ್ಟೇ, ಒಂದೇ ವಾಕ್ಯ, ಅಂದ ಮೇಲೆ ಬಾಯಲ್ಲಿ ಸಕ್ಕರೆ ಕರಗಿದಂತೆ ಒಂದು ಹಿತ, ಮನೆಗೆ ಹೋಗಿ ಎರಡು ರೊಟ್ಟಿ ಜಾಸ್ತಿ ಉಂಡಳು, ಇವತ್ತೇನು ಖುಷ್ ಕಾಣಸ್ತಿ ಅಂದ ಗಂಡ ಚನ್ನವೀರ, ಏನಿಲ್ಲ ಅಂದಳು. ಮರುದಿನ ಆಫೀಸಿನ ಹುಡುಗಿ ತೋರಿಸಿದಳು ಪಾಲಕರ ಪತ್ರವನ್ನ, ಎಂಟು ಜನರ ಸಹಿ, ನಡುವೆ ಒಂದು ಸಾಲು, ಶಾಲೆಯ ಒಬ್ಬ ಹಿರಿಯ ಶಿಕ್ಷಕಿಗೂ ಇದೇ ಅಭಿಪ್ರಾಯವಿದೆ.

ಈಗ ಆ ಹೆಂಗಸು ಎದ್ದಳು, ಬೆಯಾತಾ, ರುವಾಂಡಾದಿಂದ ಬಂದವಳು, ಮೂರು ವರ್ಷದಿಂದ ಇಲ್ಲಿ ಕೃಷಿಯಲ್ಲಿ ಪಿಎಚ್‌ಡಿ ಮಾಡುತ್ತಿದ್ದಾಳಂತೆ, ನಲವತ್ತರ ಆಚೀಚೆ, ಹಳದಿ ಸ್ವೆಟರು, ಮೈಕ್ ಬೇಡ ಅಂದಳು, ಮತ್ತೆ ಬೇಕು ಅಂದಳು, ಯಶ್ಮಿತಾ ಅವಳ ಎತ್ತರಕ್ಕೆ ಮೈಕ್ ಸರಿಮಾಡಿ ಭುಜವನ್ನೊಮ್ಮೆ ಮುಟ್ಟಿ ಬಂದಳು, ಹಾಂಗ ಮುಟ್ಟಾಕ ಅಕಿಗೆ ಎಷ್ಟು ದಿನದ ಪರಿಚಯ, ಹಳೇ ಗೆಳತಿಯರ ಹಂಗ. ತಾನಾಗಿದ್ದರೆ ಮೇಡಂ ಅಂತಿದ್ದೆ, ನಮಸ್ಕಾರ ಮಾಡ್ತಿದ್ದೆ, ಶಾಲು ಹೊದಿಸ್ತಿದ್ದೆ. ಬೆಯಾತಾ ಇಂಗ್ಲಿಷಿನಲ್ಲಿ ಮೆಲ್ಲಗೆ, ಒಂದೊಂದೇ ವಾಕ್ಯವನ್ನ ಕೆಳಗೆ ಇಟ್ಟಂತೆ ಮಾತಾಡಿದಳು, ನಾನು ಸತ್ತವರ ಬಗ್ಗೆ ಆಮೇಲೆ ಹೇಳುತ್ತೇನೆ, ಮೊದಲು ನನ್ನ ಟೀಚರ್ ಬಗ್ಗೆ ಹೇಳುತ್ತೇನೆ, ನನಗೆ ಅವರನ್ನು ಕಂಡರೆ ಬಹಳ ಇಷ್ಟ, ಬೋರ್ಡಿನ ಮೇಲೆ ಅವರು ಬರೆದ ಅಕ್ಷರ ಅಳಿಸಲಿಕ್ಕೇ ಮನಸ್ಸಾಗುತ್ತಿರಲಿಲ್ಲ. ಒಂದು ದಿನ ಅವರು ಕೈಯಲ್ಲಿ ಕಾಗದ ಹಿಡಿದು ಬಂದರು, ಹುಟು ಮಕ್ಕಳು ಎದ್ದು ನಿಲ್ಲಿ ಅಂದರು, ತುಂಬ ಜನ ನಿಂತರು, ಕೂತುಕೊಳ್ಳಿ, ಈಗ ತುತ್ಸಿ ಮಕ್ಕಳು ಎದ್ದು ನಿಲ್ಲಿ ಅಂದರು, ಏಳೆಂಟು ಜನ ನಿಂತರು, ನಾನು ಎರಡು ಸಲವೂ ನಿಲ್ಲಲಿಲ್ಲ, ನಾನು ಯಾವುದು ಅಂತ ನನಗೆ ಗೊತ್ತಿರಲಿಲ್ಲ, ಮನೆಯಲ್ಲಿ ಯಾರೂ ಹೇಳಿರಲಿಲ್ಲ, ಟೀಚರ್ ಸಿಟ್ಟಾಗಲಿಲ್ಲ, ಮನೆಗೆ ಹೋಗಿ ಕೇಳಿಕೊಂಡು ಬಾ ಅಂದರು. ಮಾರನೆಯ ದಿನ ನಾನು ನಿಂತೆ. ಅವರು ಬರೆದುಕೊಂಡರು. ಕೆಟ್ಟವರಲ್ಲ ಅವರು, ಮೇಲಿನಿಂದ ಕೇಳಿದ್ದರು, ಕೊಡಬೇಕಿತ್ತು. ಅವತ್ತು ನನ್ನ ಜೊತೆ ಕೂರುತ್ತಿದ್ದ ಹುಡುಗಿ ಚೀಲ ತಗೊಂಡು ಬೇರೆ ಬೆಂಚಿಗೆ ಹೋದಳು, ಯಾರೂ ಹೇಳಿರಲಿಲ್ಲ ಅವಳಿಗೆ, ತಾನಾಗಿ ಹೋದಳು. ಮುಂದಿನ ವರ್ಷ ಏಪ್ರಿಲ್‌ನಲ್ಲಿ ಕೊಲ್ಲುವುದು ಶುರುವಾಯಿತು. ಆ ಕ್ಲಾಸಿನಲ್ಲಿ ತುತ್ಸಿ ಅಂತ ಎದ್ದು ನಿಂತವರಲ್ಲಿ ಈಗ ಇರುವವಳು ನಾನೊಬ್ಬಳು.

ಮನೆಗೆ ಹೋಗಿ ಕೇಳಿಕೊಂಡು ಬಾ — ಶೈಲಶ್ರೀ ಖುರ್ಚಿಯಲ್ಲಿ ಸರಿದು ಕೂತಳು, ಯಾರೋ ಹಿಂದಿನಿಂದ ಸೆರಗು ಎಳೆದಂತಾಯಿತು, ಎಳೆದಿರಲಿಲ್ಲ, ಖುರ್ಚಿಯ ಮೊಳೆಗೆ ಸಿಕ್ಕಿತ್ತು — ಮನೆಗೆ ಹೋಗಿ ಕೇಳಿಕೊಂಡು ಬಾ, ಘರೀ ವಿಚಾರೂನ್ ಯೇ, ಅದೇ ಮಾತು, ಜೂನ್ ತಿಂಗಳು, ಎಂಟನೆಯ ಬಿ, ತನ್ನದೇ ಕ್ಲಾಸು, ಸರಕಾರದ ಆನ್‌ಲೈನ್ ಫಾರಂ ತುಂಬಲಿಕ್ಕೆ ಎರಡೇ ದಿನ ಉಳಿದಿತ್ತು, ಒಬ್ಬೊಬ್ಬರ ಫೈಲ್ ತೆಗೆದು ಜಾತಿ ಧರ್ಮ ನೋಡಿ ಬರೆಯೂದಂದ್ರ ಕಣ್ಣು ಹೋಗ್ತಾವ, ಎಲ್ಲಾರೂ ಹಂಗs ಮಾಡ್ತಾರ, ಪ್ರತಿ ವರ್ಷ ಮಾಡ್ತಾರ, ಎಸ್‌ಸಿ, ಸ್ಟ್ಯಾಂಡ್ ಅಪ್, ಬಸಾ, ಕೂಡ್ರಿ, ಓಬಿಸಿ, ಸ್ಟ್ಯಾಂಡ್ ಅಪ್, ಬಸಾ, ಮೈನಾರಿಟಿ, ಸ್ಟ್ಯಾಂಡ್ ಅಪ್, ಬಸಾ, ತಲೆ ಎಣಿಸಿ, ಪೆನ್ನಿನ ತುದಿ ಹಾಜರಿ ಪುಸ್ತಕದ ಮೇಲೆ. ಕೊನೆಗೆ ಎಣಿಕೆಯಲ್ಲಿ ಒಂದು ತಪ್ಪಿತು. ಎ ವಿಭಾಗದಿಂದ ಆಗಷ್ಟೇ ಬಂದ ಶ್ರದ್ಧಾ, ಯೆರವಡಾದ ಜೋಪಡಿ ವಸತಿಯ ಹುಡುಗಿ, ಬಡವರ ಮೀಸಲು ಸೀಟಿನಲ್ಲಿ ಒಂದನೆಯ ತರಗತಿಗೆ ಸೇರಿ ಇಲ್ಲಿಯವರೆಗೆ ಬಂದವಳು, ಯಾವುದಕ್ಕೂ ನಿಂತಿರಲಿಲ್ಲ, ನೀ ಯಾವದರಾಗ ಬರ್ತಿ ಅಂದರೆ ಸುಮ್ಮನಿದ್ದಳು, ಗೊತ್ತಿಲ್ಲೋ ಹೇಳೂದಿಲ್ಲೋ, ತನಗೆ ಗಂಟೆ ಬಾರಿಸೋ ಗಡಿಬಿಡಿ, ಘರೀ ವಿಚಾರೂನ್ ಯೇ, ಉದ್ಯಾ ಸಾಂಗ್, ಮನ್ಯಾಗ ಕೇಳಿಕೊಂಡು ನಾಳೆ ಹೇಳು. ಮಾರನೆಯ ದಿನ ಹಾಜರಿ ಕರೆಯುವಾಗ ತಾನಾಗಿ ಎದ್ದಳು, ಬಲಗೈ ಅಂಗೈ ಡೆಸ್ಕಿನ ಮೇಲೆ ಊರಿ, ಒಂದು ಕಾಲು ಬೆಂಚಿನ ಹೊರಗೆ, ಹೇಳಿದಳು, ಶೈಲಶ್ರೀ ಬರೆದುಕೊಂಡಳು, ಮುಂದಿನ ಹೆಸರು ಕರೆದಳು. ಕೂಡು ಅಂದೆನೋ ಇಲ್ಲೋ. ಅಂದಿರಬೇಕು. ಅಂದಿರಬೇಕಲ್ಲ, ಇಲ್ಲಂದ್ರ ಅದು ಎಷ್ಟೊತ್ತು ಹಂಗs ನಿಂತಿತ್ತು. ಜುಲೈನಲ್ಲಿ ಪಕ್ಕದವಳು ಜಾಗ ಬದಲಿಸಿದಳು, ಬೋರ್ಡ್ ಕಾಣೂದಿಲ್ಲ ಮ್ಯಾಮ್ ಅಂದಳು, ಸರಿ ಅಂದೆ, ಆಗಸ್ಟಿಗೆ ಶ್ರದ್ಧಾ ಕೊನೆಯ ಬೆಂಚಿನಲ್ಲಿ ಒಬ್ಬಳೇ, ಹಂಗs ಬಿಟ್ಟಿದ್ದರೂ ಆಗುತ್ತಿತ್ತು, ಬಿಡಲಿಲ್ಲ, ಆ ಖಾಲಿ ಜಾಗ ಉಪಯೋಗಕ್ಕೆ ಬಂತು ತನಗೆ, ಯಾರಾದರೂ ಮಾತಾಡಿದರೆ, ಹೋಂವರ್ಕ್ ತರದಿದ್ದರೆ, ಹೋಗು, ಶ್ರದ್ಧಾನ ಬಾಜೂ ಕೂಡು. ಕ್ಲಾಸು ನಗುತ್ತಿತ್ತು, ತಪ್ಪು ಮಾಡಿದವನು ಮುಖ ಸಣ್ಣದು ಮಾಡಿಕೊಂಡು ಹೋಗಿ ಬೆಂಚಿನ ತುದಿಗೆ ಕೂರುತ್ತಿದ್ದ. ಎಷ್ಟು ಸಲ ಅಂದಿದ್ದೀನಿ. ಅದು ಶಿಕ್ಷೆ ಯಾಕಾಯಿತು ಅಂತ ಒಂದು ಸಲನೂ ಕೇಳಿಕೊಳ್ಳಲಿಲ್ಲಲ್ಲ, ಮುಂಬೈಗೆ ಹೋಗಿ ಮೂರು ದಿನ ಕೂತು ಬಂದಾಕಿ, ಹಸಿರು ಇಂಕಿನಾಗ ಗೆರಿ ಎಳದಾಕಿ.

ಪ್ರಶ್ನೆಗಳಿದ್ದರೆ ಕೇಳಿ ಅಂದಳು ಯಶ್ಮಿತಾ, ಮುಂದಿನ ಸಾಲಿನ ಜಾಣ ಹುಡುಗರು ಕೈ ಎತ್ತಿದರು, ವಿಶ್ವಸಂಸ್ಥೆ ಏನು ಮಾಡುತ್ತಿತ್ತು, ಎಷ್ಟು ದಿನ ನಡೆಯಿತು, ಆಮೇಲೆ ಬಲಗಡೆಯ ಗೋಡೆಯ ಹತ್ತಿರ ಒಂದು ಕೈ, ಯಶ್ಮಿತಾ ವೇದಿಕೆಯಿಂದ ಇಳಿದು ತಾನೇ ಮೈಕ್ ಒಯ್ದಳು, ಶ್ರದ್ಧಾ. ಇಕಿ ಬಾಯಿ ತೆರೆದದ್ದನ್ನ ತಾನು ನೋಡೇ ಇಲ್ಲ, ಎಂಟು ತಿಂಗಳಿಂದ ಕ್ಲಾಸ್ ಟೀಚರ್ ಆದಾಕಿ ತಾನು, ಮತ್ತ ಇಕಿ ಯಶ್ಮಿತಾನ ಕಡೆ ನೋಡಿ ಒಂಚೂರು ನಕ್ಕಳು, ಅವರಿಬ್ಬರ ನಡುವೆ ಏನೋ ಮಾತುಕತೆ ಅದ, ಊಟದ ಬಿಡುವಿನಲ್ಲಿ ಲೈಬ್ರರಿಯಲ್ಲಿ ಕೂರುತ್ತಾರೆ ಅಂತ ಯಾರೋ ಅಂದಿದ್ದರು, ನಮ್ಮ ಹುಡುಗಿ, ನನ್ನ ಹಾಜರಿ ಪುಸ್ತಕದಾಗಿನ ಹುಡುಗಿ, ಅದನ್ನೂ ತಗೊಂಡಳು — ಅಂತ ಸುಟ್ಟುಕೊಂಡು ಹೋಯಿತು ಎದೆ, ಈ ಹೊತ್ತಿನಲ್ಲೂ, ಇದೆಲ್ಲ ಕೇಳಿದ ಮೇಲೂ. ಶ್ರದ್ಧಾ ಮೈಕನ್ನ ಬಾಯಿಗೆ ತೀರ ಹತ್ತಿರ ಹಿಡಿದು ಕೇಳಿದಳು, ನಿಮ್ಮ ಟೀಚರ್ ಆಮೇಲೆ ಏನಾದರು. ಮೇ ತಿಂಗಳಲ್ಲಿ, ಮನೆಯಲ್ಲಿ ಯಾರೂ ಉಳಿಯದಿದ್ದಾಗ, ನಾನು ಹೋದದ್ದು ಅವರ ಮನೆಗೆ, ಅಂದಳು ಬೆಯಾತಾ. ಬೇರೆ ಯಾರ ಮನೆಯೂ ನೆನಪಿಗೆ ಬರಲಿಲ್ಲ. ಬಾಗಿಲು ತೆಗೆದು ನನ್ನನ್ನು ನೋಡಿ, ನನ್ನ ಹೆಸರು ಹೇಳಿದರು, ಒಳಗೆ ಎಳೆದುಕೊಂಡರು, ಹನ್ನೊಂದು ದಿನ ಅವರ ಮಂಚದ ಕೆಳಗೆ ಇದ್ದೆ, ಬೇಯಿಸಿದ ಗೆಣಸು ಕೊಡುತ್ತಿದ್ದರು, ಕ್ಲಾಸಿನಲ್ಲಿ ಆದದ್ದರ ಬಗ್ಗೆ ಅವರೂ ಮಾತಾಡಲಿಲ್ಲ, ನಾನೂ ಕೇಳಲಿಲ್ಲ, ಹನ್ನೆರಡನೆಯ ದಿನ ನನ್ನನ್ನು ಬೇರೆ ಕಡೆ ಕಳಿಸಿದರು. ಅವರಿಂದಲೇ ನಾನು ಇದ್ದೇನೆ. ಅವರು ಬರೆದುಕೊಂಡದ್ದೂ ನಿಜ, ನನ್ನನ್ನು ಇಟ್ಟುಕೊಂಡದ್ದೂ ನಿಜ, ಎರಡನ್ನೂ ಹೇಳದೆ ನಾನು ಅವರ ಬಗ್ಗೆ ಹೇಳುವುದಿಲ್ಲ. ಶೈಲಶ್ರೀಗೆ ಆ ಕಾಣದ ಟೀಚರ ಮೇಲೂ ಹೊಟ್ಟೆಕಿಚ್ಚಾಯಿತು, ಎಲ್ಲಿಯೋ ಬೆಟ್ಟದ ದೇಶದ ಒಬ್ಬ ಮುದುಕಿ, ಸತ್ತಾಳೋ ಇದ್ದಾಳೋ, ಅವಳ ಬಾಗಿಲಿಗೆ ಬಂತು ಹುಡುಗಿ, ಬೇರೆ ಯಾರ ಮನೆಯೂ ನೆನಪಿಗೆ ಬರಲಿಲ್ಲ ಅಂದಳಲ್ಲ. ಶ್ರದ್ಧಾಗೆ ಏನಾದರೂ ಆದರೆ ಯಾರ ಬಾಗಿಲು ನೆನಪಾಗ್ತದ. ನನ್ನದಲ್ಲ. ಸದಾಶಿವ ಪೇಠದಾಗಿನ ಹೋಟೆಲಿನ ಮೇಲಿನ ಯಶ್ಮಿತಾನ ಮಾಳಿಗೆ ನೆನಪಾಗ್ತದ, ಎರಡು ಗಲ್ಲಿ ಆಚೆ.

ಪ್ರಿನ್ಸಿಪಾಲರ ರೂಮಿನಲ್ಲಿ ಟ್ರಸ್ಟಿಗಳು ಕಾಗದ ಬಿಡಿಸಿ ಮೇಜಿನ ಮೇಲೆ ಹಾಸಿದರು, ಯಶ್ಮಿತಾ ನಿಂತಿದ್ದಳು, ವಿಭಾಗದ ಹಿರಿಯಳು ಅಂತ ಶೈಲಶ್ರೀಯನ್ನೂ ಕರೆಸಿದ್ದರು, ಕಾರ್ಯಕ್ರಮ ಚೆನ್ನಾಗಿತ್ತು, ಅದನ್ನ ಅಲ್ಲ ಅನ್ನೂದಿಲ್ಲ ಅಂದರು ಮರಾಠಿಯಲ್ಲಿ, ಆದರೆ ಪಾಲಕರ ತಕ್ರಾರು ಬಂದಿದೆ, ನಿಮ್ಮದೇ ಹಿರಿಯ ಶಿಕ್ಷಕಿಯೊಬ್ಬರಿಗೆ ಒಪ್ಪಿಗೆಯಿಲ್ಲವಂತೆ, ಹೊಸಬರು ಹಿರಿಯರನ್ನ ಕೇಳದೆ ಇಂಥದ್ದಕ್ಕೆ ಕೈ ಹಾಕಬಾರದು, ನಿಮ್ಮ ಕಾಯಂ ಆರ್ಡರನ್ನ ಏಪ್ರಿಲ್‌ನಲ್ಲಿ ನೋಡೋಣ. ಕೇಳಿದ್ದೇನೆ ಸರ್, ಅಂದಳು ಯಶ್ಮಿತಾ, ಶೈಲಶ್ರೀ ಮೇಡಂನ ಕೇಳಿಯೇ ಮಾಡಿದ್ದು, ಇದು ಅವರದ್ದೇ ಯೋಜನೆ, ಒಂಬತ್ತು ವರ್ಷದ ಹಿಂದೆ ಬರೆದದ್ದು, ಹೆಸರು ಬೇಡ ಅಂದರು ಅವರು, ಅಷ್ಟು ದೊಡ್ಡ ಮನಸ್ಸು, ಅಂತ ಹೇಳಿ ಬ್ಯಾಗಿನಿಂದ ಆ ಫೈಲ್ ತೆಗೆದು ಕಾಗದದ ಪಕ್ಕ ಇಟ್ಟಳು. ತನ್ನ ಅಕ್ಷರ. ತನ್ನ ಹಸಿರು ಇಂಕು. ಇದೇ ಬೇಕಿತ್ತಲ್ಲ ನಿನಗ, ಎಲ್ಲಾರ ಮುಂದ ನಿನ್ನ ಹೆಸರು, ತಗೋ, ಬಂತು. ಪ್ರಿನ್ಸಿಪಾಲರು ಹೌದಾ ಅಂತ ಹುಬ್ಬು ಎತ್ತಿದರು, ಟ್ರಸ್ಟಿಗಳು ಕನ್ನಡಕ ಹಾಕಿಕೊಂಡು ಮೊದಲ ಪುಟ ತಿರುವಿದರು, ಒಂಬತ್ತು ವರ್ಷದ ಮೇಲೆ ಮೊದಲ ಸಲ ಯಾರೋ ತಿರುವಿದರು, ಸುಮ್ಮನಿದ್ದರೆ ಆಯಿತು, ಸುಮ್ಮನಿರೂದು ಎಷ್ಟು ಸರಳ, ಹೌದ್ರಿ ನಂದೇ ಅಂದರೆ ಆಯಿತು, ಅಷ್ಟರಾಗ ಅವರು, ಹಾಗಾದರೆ ಈ ಪತ್ರದಲ್ಲಿರೋ ಹಿರಿಯ ಶಿಕ್ಷಕಿ ಯಾರು ಅಂತ ಕೇಳಿದರು, ಕೇಳಿ ಇವಳ ಕಡೆ ನೋಡಲಿಲ್ಲ ಸಹ, ಇವಳಾಗಿರಲಿಕ್ಕಿಲ್ಲ ಅಂತ ಅಷ್ಟು ಖಾತ್ರಿ, ಅದೇ ಚುಚ್ಚಿತೋ ಏನೋ, ತೀ ಸೀನಿಯರ್ ಟೀಚರ್ ಮೀಚ್, ಅಂದಳು ಶೈಲಶ್ರೀ, ಆಕೆ ನಾನೇ. ಫೋನಿನಾಗ ಅಂದದ್ದು ನಾನು. ಕಾರ್ಯಕ್ರಮದಾಗ ತಪ್ಪಿರಲಿಲ್ಲ, ನಂಗ ಹೊಟ್ಟಿಕಿಚ್ಚಿತ್ತು — ಹೊಟ್ಟೆಕಿಚ್ಚಿಗೆ ಮರಾಠಿ ಶಬ್ದ ಬಾಯಿಗೆ ಬರಲಿಲ್ಲ, ಕನ್ನಡದಲ್ಲೇ ಅಂದಳು, ಆ ರೂಮಿನಲ್ಲಿ ಅದು ತಿಳಿದದ್ದು ಒಬ್ಬಳಿಗೆ. ಟ್ರಸ್ಟಿಗಳು ಕಾಗದ ಮಡಚಿ ಜೇಬಿಗೆ ಹಾಕಿ, ನೀವು ನೀವು ಕೂತು ಬಗೆಹರಿಸಿಕೊಳ್ಳಿ, ನನ್ನ ವೇಳೆ ಹಾಳು ಅಂದು ಎದ್ದರು, ಆರ್ಡರಿನ ಮಾತು ಮತ್ತೆ ಎತ್ತಲಿಲ್ಲ. ಕಾರಿಡಾರಿನಲ್ಲಿ ಯಶ್ಮಿತಾ ನಾಲ್ಕು ಹೆಜ್ಜೆ ಜೊತೆಗೇ ನಡೆದಳು, ಬಯ್ಯಲಿ ಅಂತ ಕಾದಳು ಶೈಲಶ್ರೀ, ನನ್ನ ಹತ್ರ ಹೇಳಬಹುದಿತ್ತಲ್ಲ ಮೇಡಂ, ಇನ್ನೊಂದು ಸಲ ಕೇಳ್ತಿದ್ದೆ ನಾನು, ಅಂದಳು ಅವಳು, ಅಂದು ಗೇಟಿನ ಹತ್ತಿರ ರಿಕ್ಷಾ ಕಾಯುತ್ತಿದ್ದ ಬೆಯಾತಾಳ ಕಡೆ ಹೋದಳು, ಅವರಿಬ್ಬರೂ ತಬ್ಬಿಕೊಂಡದ್ದು ಕಿಟಕಿಯಿಂದ ಕಂಡಿತು, ಹಳದಿ ಸ್ವೆಟರಿನ ಮೇಲೆ ಯಶ್ಮಿತಾಳ ಕೈ, ಅದನ್ನೂ ನಿಂತು ಪೂರ್ತಿ ನೋಡಿದಳು.

ಆರನೆಯ ಪೀರಿಯಡ್, ಎಂಟನೆಯ ಬಿ. ಏನು ಹೇಳಬೇಕು ಅಂತ ಮೆಟ್ಟಿಲು ಹತ್ತುತ್ತ ಜೋಡಿಸಿಕೊಂಡಿದ್ದಳು, ಜೂನಿನಲ್ಲಿ ನಾನು ಮಾಡಿದ್ದು ತಪ್ಪು, ಆ ಬೆಂಚಿನ ಮಾತೂ ತಪ್ಪು, ಎಲ್ಲರ ಮುಂದೆ ಮಾಡಿದ್ದನ್ನ ಎಲ್ಲರ ಮುಂದೆಯೇ ಹೇಳಬೇಕು, ಮರಾಠಿಯಲ್ಲಿ ಹೇಳಲೋ ಇಂಗ್ಲಿಷಿನಲ್ಲೋ, ಚೂಕ್, ತಪ್ಪಾತು ಅಂದರೆ ಸಣ್ಣದಾಗ್ತದ, ಸಾರಿ ಅಂದರೆ ಇನ್ನೂ ಸಣ್ಣದು, ಕಾಲು ತುಳಿದರೂ ಸಾರಿ ಅಂತಾರ. ಒಳಗೆ ಕಾಲಿಟ್ಟಾಗ ಮೂರನೆಯ ಸಾಲಿನಲ್ಲಿ ಇಬ್ಬರು ಮಾತಾಡುತ್ತಿದ್ದರು, ನಾಲಿಗೆ ತನ್ನಷ್ಟಕ್ಕೆ ತಾನೇ ಹೊರಟಿತ್ತು, ಹೋಗು, ಶ್ರದ್ಧಾನ — ಅಷ್ಟಕ್ಕೆ ಹಲ್ಲು ಕಚ್ಚಿ ಹಿಡಿದಳು, ಆದರೆ ಹೆಸರು ಹೊರಗೆ ಬಂದಾಗಿತ್ತು, ಶ್ರದ್ಧಾ, ಒಂದೇ ಶಬ್ದ ಕ್ಲಾಸಿನ ನಡುವೆ ಬಿದ್ದಿತ್ತು, ಕೊನೆಯ ಬೆಂಚಿನಲ್ಲಿ ಹುಡುಗಿ ಎದ್ದಳು, ಮೂವತ್ತೆಂಟು ತಲೆ ಹಿಂದಕ್ಕೆ ತಿರುಗಿದವು, ಬಲಗೈ ಅಂಗೈ ಡೆಸ್ಕಿನ ಮೇಲೆ, ಒಂದು ಕಾಲು ಬೆಂಚಿನ ಹೊರಗೆ, ಬೆಳಿಗ್ಗೆ ಮೈಕ್ ಹಿಡಿದು ಕೇಳಿದ ಹುಡುಗಿಯಲ್ಲ ಇದು, ಆ ಮುಖವಲ್ಲ, ಇದು ನನ್ನ ಕ್ಲಾಸಿನಾಗಿನ ಮುಖ, ನಾನು ಕೊಟ್ಟದ್ದು, ಕಣ್ಣು ತನ್ನ ಮುಖದ ಮೇಲಿಲ್ಲ, ತನ್ನ ಕೈಯಲ್ಲಿರುವ ಹಾಜರಿ ಪುಸ್ತಕದ ಮೇಲಿದೆ, ಈ ಸಲ ಏನು ಕೇಳ್ತಾರೋ ಅಂತ, ಏನು ಹೇಳಿದರೆ ಮುಗೀತದೋ ಅಂತ, ಶೈಲಶ್ರೀ ಪುಸ್ತಕ ಟೇಬಲ್ ಮೇಲೆ ಇಟ್ಟಳು, ಕಣ್ಣು ಪುಸ್ತಕದ ಜೊತೆ ಟೇಬಲ್ಲಿಗೆ ಹೋಯಿತು, ಮೊದಲು ಕೂಡು ಅನ್ನಬೇಕು, ಕೂಡವ್ವಾ, ಉಳಿದದ್ದೆಲ್ಲ ಆಮೇಲೆ, ಮರಾಠಿಯಲ್ಲಿ ಬಸ್, ಎರಡೇ ಅಕ್ಷರದ ಶಬ್ದ, ಇನ್ನೂ ಅಂದಿಲ್ಲ, ಹುಡುಗಿ ನಿಂತಿದ್ದಾಳೆ, ಅಂಗೈ ಡೆಸ್ಕಿನ ಮೇಲೆ, ನಿಂತಿದ್ದಾಳೆ, ಒಂದು ಕಾಲು ಹೊರಗೆ, ನಿಂತೇ ಇದ್ದಾಳೆ